ಒಂದೇ ಮರದ ತೋಟ

ಅಟ್ಟದ ಮೇಲೆ ವರ್ಷವಿಡೀ ಒಣಗಿದ್ದ ಕಾಯಿಗಳನ್ನು ಇಳಿಸಿ, ಸುಲಿಸಿ, ಕರಟ ಬಿಡಿಸಿ, ಕೊಬ್ಬರಿಯ ಚೀಲಗಳನ್ನು ತಿಪಟೂರಿನ ಮಾರುಕಟ್ಟೆಗೆ ಕಳಿಸಿದ ಮೇಲೆ ಸುವರ್ಣಮ್ಮನಿಗೆ ಮೊದಲು ನೆನಪಾದದ್ದು ಮಗಳ ಕಾರ್ಡು. ಲ್ಯಾಪ್‌ಟಾಪಿನ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಬಿಳಿಗೆರೆಯ ಆ ಮನೆಯಲ್ಲಿ ಬರಿಯ ಕಾರ್ಡ್ ಆಗಿ ವರ್ಷವಾಗಿತ್ತು. "ಕೊಬ್ಬರಿ ಮಾರಿ ಹೋಗ್ಲಿ ಕಣೇ, ದೊಡ್ಡ ಕಾರ್ಡ್ ಹಾಕ್ಸಣ" ಎಂದು ಅವಳು ಒಲೆಯ ಮುಂದಿನಿಂದಲೇ ಕೂಗಿ ಹೇಳುತ್ತಿದ್ದಳು. "ಆಯ್ತಮ್ಮ" ಎಂದು ಮಗಳು ಇಂಪನಾ ಕೋಣೆಯೊಳಗಿಂದ ಅನ್ನುತ್ತಿದ್ದಳು.

ಲ್ಯಾಪ್‌ಟಾಪ್ ಕೊಂಡದ್ದು ತುಮಕೂರಿನ ಅಂಗಡಿಯಲ್ಲಿ. ಗೇಮ್ ಆಡುವವರು, ಗೇಮ್ ಮಾಡುವವರು ಕೊಳ್ಳುವಂಥದ್ದು. ಮೇಜಿನ ಮೇಲೆ ಎರಡನ್ನು ಇಟ್ಟಿದ್ದರು. ಹೊರಗಿನಿಂದ ಅವಳಿ ಮಕ್ಕಳ ಹಾಗೆ. ಒಳಗೆ ಒಂದರ ಕಾರ್ಡು ಸಣ್ಣದು, ಇನ್ನೊಂದರದು ದೊಡ್ಡದು. ಇಂಪನಾಳ ಕೈ ದೊಡ್ಡದರ ಮೇಲಿತ್ತು. ಸುವರ್ಣಮ್ಮನ ಗಂಡ ರುದ್ರೇಶ್ ಬಾಗಿಲಲ್ಲೇ ನಿಂತು, "ನೀವಿಬ್ರೂ ನೋಡ್ಕಳಿ, ನಂಗೇನ್ ಗೊತ್ತಾಯ್ತದೆ" ಎಂದಿದ್ದ. ನಿರ್ಧಾರ ಮಾಡಿದವಳು ಸುವರ್ಣಮ್ಮನೇ.

"ಕೊಳವೆಬಾವಿಗೆ ನಾವು ಮೊದ್ಲು ಸಣ್ಣ ಮೋಟ್ರೇ ಬುಟ್ಟಿದ್ದಲ್ವಾ? ನೀರು ಎತ್ತಲಾರದೆ ಹೋದಾಗ ಅದನ್ನ ಮೇಲಕ್ಕೆತ್ತಿ ದೊಡ್ಡದು ಬುಟ್ವಿ. ಇದೂ ಹಂಗೇಯ. ಈಗ ಸಣ್ಣದಿರ್ಲಿ, ಮುಂದೆ ಬದಲಾಯ್ಸಣ."

"ಅಪ್‌ಗ್ರೇಡ್ ಆಗುತ್ತೆ ಮೇಡಂ" ಎಂದಿದ್ದ ಅಂಗಡಿಯವನು. ಇಂಪನಾ ಏನೋ ಹೇಳಹೊರಟವಳು ದೊಡ್ಡದರ ಮೇಲಿಂದ ಕೈ ತೆಗೆದಿದ್ದಳು.

ಈಗ ಕೆಲಸದ ಮಾತು ಬಂದಿತ್ತು. ಗೇಮ್ ಮಾಡುವ ಒಂದು ಕಂಪನಿಯವರು ಇಂಪನಾಳಿಗೆ ಪರೀಕ್ಷೆಯೊಂದನ್ನು ಕೊಟ್ಟಿದ್ದರು: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗವನ್ನು ಇದ್ದ ಹಾಗೇ ಕಟ್ಟಿ, ನೋಡುವವರು ಅದರೊಳಗೆ ತಡೆಯಿಲ್ಲದೆ ಓಡಾಡುವಂತಿರಲಿ, ಸೋಮವಾರದೊಳಗೆ ಕಳಿಸಿ. ಗೆದ್ದರೆ ಮನೆಯಲ್ಲೇ ಕೂತು ಮಾಡುವ ಕೆಲಸ. ಇಂಪನಾ ತಮ್ಮ ತೋಟವನ್ನೇ ಆರಿಸಿಕೊಂಡಳು. ಒಂದೊಂದು ಮರದ ಸುತ್ತಲೂ ತಿರುಗಿ ಫೋನಿನಲ್ಲಿ ಫೋಟೊ ತೆಗೆದು, ಅದರಿಂದಲೇ ಆ ಮರವನ್ನು ಲ್ಯಾಪ್‌ಟಾಪಿನಲ್ಲಿ ಎಬ್ಬಿಸಿದಳು. ಸಿಡಿಲು ಬಡಿದು ಸುಳಿ ಹೋದ ಮರ, ಬದುವಿನ ಮೇಲೆ ಸೊಂಟ ಬಾಗಿಸಿ ನಿಂತ ಮರ, ಹತ್ತಲು ಮೈತುಂಬ ಕಾಲಿಡುವ ಕಚ್ಚು ಕೊರೆದ ಹಳೆಯ ಮರ, ಎಲ್ಲವೂ ಬಂದವು. ಆದರೆ ತೋಟ ಅರ್ಧ ತುಂಬುವಷ್ಟರಲ್ಲಿ ಲ್ಯಾಪ್‌ಟಾಪಿನ ಫ್ಯಾನು ಹೊಯ್ಯೆಂದು ಕೂಗತೊಡಗಿತು. ಚಿತ್ರ ತಡವರಿಸಿತು, ನಿಂತಿತು, ಕಪ್ಪಾಯಿತು. ಹಚ್ಚಿದಾಗಲೆಲ್ಲ ಹೀಗೇ. ಮಗಳು ತಟ್ಟೆಯಲ್ಲಿ ಮುದ್ದೆ ಮುರಿಯುವುದನ್ನೇ ಮರೆತು ಕೂರುವುದನ್ನು ತಾಯಿ ನೋಡಿದಳು.

ಶನಿವಾರ ಬೆಳಗ್ಗೆ ಕೊಟ್ಟಿಗೆ ಬಳಿದು, ಸಾರಿಗಿಟ್ಟು, ಲ್ಯಾಪ್‌ಟಾಪಿನ ತಳದ ಚೀಟಿಯ ಫೋಟೊ ಹಿಡಿದುಕೊಂಡು, ಮಗಳಿಗೆ ಹೇಳದೆ ತಿಪಟೂರಿನ ಬಸ್ಸು ಹತ್ತಿದಳು. ಕಾರ್ಡನ್ನು ತಂದು ಅವಳ ಕೈಯಲ್ಲಿಡಬೇಕು ಎಂಬುದೊಂದೇ ಆಸೆ.

ರಿಪೇರಿ ಅಂಗಡಿಯ ದಯಾನಂದ್ ಪರಿಚಯದವನೇ. "ಏನಕ್ಕ, ಕೊಬ್ಬರಿ ಮಾರಿದ ಕಳೆ ಮುಖದಲ್ಲೇ ಐತೆ. ಟಿವಿ ತಗಳಕ್ಕೆ ಬಂದ್ರಾ?"

"ಟಿವಿ ನೋಡಕ್ಕೆ ಪುರುಸೊತ್ತು ಯಾರಿಗೈತಪ್ಪ. ಮಗಳ ಲ್ಯಾಪ್‌ಟಾಪಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೊಡು. ಹೆಂಗೆ ಹಾಕೋದು ಅಂತ ಅವಳಿಗೆ ಗೊತ್ತೈತೆ."

ಫೋಟೊ ನೋಡಿದ ದಯಾನಂದನ ನಗು ಹಾಗೇ ಇಳಿಯಿತು. ಮೇಜಿನ ಮೇಲೆ ಬೆನ್ನು ಬಿಚ್ಚಿಟ್ಟಿದ್ದ ಲ್ಯಾಪ್‌ಟಾಪೊಂದನ್ನು ಅವಳ ಕಡೆ ತಿರುಗಿಸಿದ.

"ಇದೂ ಅದೇ ಜಾತಿದು, ನೋಡಿ. ಈ ಪಟ್ಟಿ ರ‍್ಯಾಮು, ಇದನ್ನ ಕಿತ್ತು ದೊಡ್ಡದು ಹಾಕ್ಬೋದು. ಫೈಲೆಲ್ಲ ಇಡೋ ಈ ಡಿಸ್ಕೂ ಅಷ್ಟೆ. ನೀವು ಕೇಳ್ತಿರೋದು ಇಲ್ಲೈತಲ್ಲ, ಈ ಕರಿ ಚೌಕ." ಉಗುರಿನಿಂದ ಮುಟ್ಟಿ ತೋರಿಸಿದ. "ಇದನ್ನ ಬೋರ್ಡಿಗೇ ಬೆಸುಗೆ ಹಾಕ್ಬುಟ್ಟವ್ರೆ. ಬದಲಾಯ್ಸಕ್ಕೆ ಆಗಲ್ಲ ಕಣಕ್ಕ."

"ಹುಷಾರಾಗಿ ಕಿತ್ರೆ?"

"ಕಿತ್ರೆ ಬೋರ್ಡೂ ಹೋಯ್ತು. ಡೆಸ್ಕ್‌ಟಾಪ್ ಆಗಿದ್ರೆ ಒಂದು ತೆಗೆದು ಇನ್ನೊಂದು ಹಾಕ್ಬೋದಿತ್ತು. ಇವುಕ್ಕೆಲ್ಲ ಕೊಳ್ಳೋ ದಿನ ಏನಿತ್ತೋ ಅದೇ ಕೊನೆತನಕ."

"ಅಪ್‌ಗ್ರೇಡ್ ಆಗ್ತದೆ ಅಂದಿದ್ನಲ್ಲಪ್ಪ ಆ ಹುಡುಗ."

"ರ‍್ಯಾಮಿನ ಮಾತು ಹೇಳಿರ್ತಾನೆ. ಸುಳ್ಳಲ್ಲ ಅದು."

ಹೊಸದನ್ನೇ ಕೊಂಡರೆ ಎಂದು ಕೇಳಿದಳು. ದಯಾನಂದ್ ತುಮಕೂರಿಗೂ ಹಾಸನಕ್ಕೂ ಫೋನ್ ಮಾಡಿದ. ದೊಡ್ಡ ಕಾರ್ಡಿನದು ಎಲ್ಲೂ ಇರಲಿಲ್ಲ. ತರಿಸಲು ವಾರವಾದರೂ ಬೇಕಿತ್ತು. ಫೋನ್ ಇಟ್ಟು, "ಮಗಳಿಗೆ ಗೊತ್ತಿರ್ತದಲ್ಲಕ್ಕ ಇದು? ಆ ಕೆಲ್ಸ ಮಾಡೋರಿಗೆ ಗೊತ್ತಿಲ್ದೆ ಇರಲ್ಲ" ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರೂ ಅವಳು ಹೊರಗೆ ನೋಡಲಿಲ್ಲ. ಒಲೆಯ ಮುಂದಿನಿಂದ ತಾನು ಹೇಳಿದ್ದು, ಕೋಣೆಯೊಳಗಿಂದ ಆಯ್ತಮ್ಮ ಎಂದದ್ದು, ಇದಷ್ಟೇ ಕಿವಿಯಲ್ಲಿ ಸುತ್ತುತ್ತಿತ್ತು.

ಇಂಪನಾ ಲ್ಯಾಪ್‌ಟಾಪಿನ ಮುಂದೆಯೇ ಇದ್ದಳು. ಸುವರ್ಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊಸ್ತಿಲಲ್ಲೇ ನಿಂತಳು.

"ಕಾರ್ಡ್ ತರಕ್ಕೆ ಹೋಗಿದ್ದೆ ಕಣೇ. ಬದಲಾಯ್ಸಕ್ಕೆ ಆಗಲ್ವಂತೆ."

ಮಗಳು ತಿರುಗಿ ನೋಡಲಿಲ್ಲ. "ಹೂಂ."

"ನಿಂಗೊತ್ತಿತ್ತಾ?"

"ಗೊತ್ತಿತ್ತು."

"ಅಂಗಡೀಲೇ ಹೇಳ್ಬಾರ್ದಾಗಿತ್ತಾ ನನ್ ತಾಯಿ?"

"ನೀನು ಅಷ್ಟು ಧೈರ್ಯವಾಗಿ ಮಾತಾಡ್ತಿದ್ದೆ. ಅಪ್ಪ, ಅಂಗಡಿಯೋರು ಎಲ್ಲ ಕೇಳ್ತಿದ್ರು. ಅವರ ಮುಂದೆ ನಿನ್ ಮಾತು ತೆಗೆದಾಕಕ್ಕೆ ಮನಸ್ಸು ಬರ್ಲಿಲ್ಲ. ಸಣ್ಣದ್ರಲ್ಲೇ ಹೆಂಗೋ ಆಗ್ತದೆ ಅಂದ್ಕಂಡೆ."

"ಆಮೇಲಾದ್ರೂ?"

"ದಿನಾ ಕಾರ್ಡು ಕಾರ್ಡು ಅಂತಿದ್ದೆ. ಹೇಳೋದು ಹೆಂಗಮ್ಮ."

ಸುವರ್ಣಮ್ಮ ಬಂದು ಮಗಳ ಪಕ್ಕ ನೆಲದ ಮೇಲೆ ಕೂತಳು. ಮಗಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಂಪನಾಳೇ ಹೇಳಿದಳು: "ಒಂದು ದಾರಿ ಐತೆ. ಮರ ಒಂದೊಂದೂ ಬೇರೆ ಬೇರೆ ಆಗಿರೋದ್ರಿಂದ ಇದು ಹೊರಲಾರ್ದು. ಒಂದೇ ಮರಾನ ಎಲ್ಲಾ ಕಡೆ ನಿಲ್ಸಿದ್ರೆ ಭಾರ ಆಗಲ್ಲ."

"ಇದ್ದ ಹಂಗೇ ಕಟ್ಟಬೇಕು ಅಂದಿದ್ರಲ್ಲ ಅವ್ರು?"

"ಓಡ್ದೇ ಇದ್ರೆ ಅವ್ರು ನೋಡೋದೇ ಇಲ್ಲ." ಇಂಪನಾ ಕಣ್ಣುಜ್ಜಿಕೊಂಡಳು. "ಯಾವ ಮರ ಇಟ್ಕಳ್ಳಣ? ನಂಗೆ ಆಗ್ತಿಲ್ಲ, ನೀನೇ ಹೇಳು."

ಸುವರ್ಣಮ್ಮ ಪರದೆಗೆ ಮುಖ ಹತ್ತಿರ ತಂದಳು. ಇದು ಇಂಪನಾ ಹುಟ್ಟಿದ ವರ್ಷ ನೆಟ್ಟದ್ದು. ಇದರ ಕಾಯಿ ಸಣ್ಣದು, ಆದರೆ ಕೊಬ್ಬರಿ ಗಟ್ಟಿ. ಇದು ಬರದಲ್ಲಿ ಒಣಗಿ ಸಾಯಬೇಕಾಗಿದ್ದದ್ದು, ದಿನಾ ನೀರು ಹೊತ್ತು ಉಳಿಸಿಕೊಂಡದ್ದು. ಬೆರಳು ಒಂದರಿಂದ ಒಂದಕ್ಕೆ ಹೋಯಿತು, ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ಬೇಲಿಯ ಬದಿಯ ಒಂದನ್ನು ತೋರಿಸಿದಳು. ನೆಟ್ಟಗೆ ಬೆಳೆದದ್ದು, ಅದರ ಬಗ್ಗೆ ಹೇಳುವಂಥದ್ದೇನೂ ಇರಲಿಲ್ಲ.

ಇಂಪನಾ ಉಳಿದವನ್ನು ಅಳಿಸುತ್ತ ಹೋದಳು. ಅಳಿಸಿದ ಜಾಗದಲ್ಲೆಲ್ಲ ಆ ನೆಟ್ಟನೆಯ ಮರ ಬಂದು ನಿಂತಿತು. ಸುಳಿ ಹೋದದ್ದನ್ನು ತೆಗೆಯುವ ಮುಂಚೆ ಒಂದು ಗಳಿಗೆ ತಡೆದಳು, ಆಮೇಲೆ ಅದನ್ನೂ ತೆಗೆದಳು. ಹಾಲು ಕರೆಯುವ ಹೊತ್ತಿಗೆ ಎಲ್ಲ ಮುಗಿಯಿತು. ಫ್ಯಾನಿನ ಕೂಗು ತಗ್ಗಿತ್ತು. ಚಿತ್ರ ಎಲ್ಲೂ ತಡವರಿಸದೆ ಮರಗಳ ನಡುವೆ ಸರಿದುಹೋಯಿತು.

ಹಾಲಿನ ಕ್ಯಾನು ಹಿಡಿದು ಒಳಬಂದ ರುದ್ರೇಶ್ ಅವರ ಹಿಂದೆ ನಿಂತು ನೋಡಿದ.

"ಚೆನ್ನಾಗೈತೆ. ಯಾರ ತೋಟ ಇದು?"

ಅವನು ಕ್ಯಾನು ಇಡಲು ಅಡುಗೆಮನೆಗೆ ಹೋದ.

"ಕಳಿಸ್ಲಾ ಅಮ್ಮ?" ಎಂದಳು ಇಂಪನಾ.

"ಕಳಿಸು ಮಗ" ಎಂದಳು ಸುವರ್ಣಮ್ಮ.