ನಡುವೆ ನಿಲ್ಲಿಸಿದ ಮುಳ್ಳು

ನಾನು ಒಂದು ಮುಳ್ಳು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ವೇಗ ತೋರಿಸುವ ದೊಡ್ಡ ಮುಳ್ಳಿನ ಪಕ್ಕದ ಮೂಲೆಯಲ್ಲಿ ಕುಳಿತು, ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುವ ಚಿಕ್ಕ ಮುಳ್ಳು. ಕಾರ್ಖಾನೆಯಲ್ಲಿ ನನ್ನ ತುದಿಗೆ ಕಿತ್ತಳೆ ಬಣ್ಣ ಬಳಿದರು. ಒಬ್ಬ ಹೆಣ್ಣುಮಗಳು ಚಿಮುಟದಲ್ಲಿ ಹಿಡಿದು ನನ್ನ ಜಾಗದಲ್ಲಿ ಕೂರಿಸಿದಳು. ನನಗೆ ಕಲಿಸಿದ್ದು ಒಂದೇ ಕೆಲಸ: ತಣ್ಣಗಿದ್ದರೆ ಕೆಳಗಿರು, ಕಾದರೆ ಏರು, ಮಿತಿ ಮೀರಿ ಕಾದರೆ ಕೆಂಪು ಗೆರೆ ಮುಟ್ಟು. ಇಷ್ಟು ಸಣ್ಣ ಕೆಲಸವನ್ನೂ ನೆಟ್ಟಗೆ ಮಾಡಲು ಬಿಡದ ಮನುಷ್ಯರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಮೊದಲ ಯಜಮಾನರು ಧಾರವಾಡದ ಕುಲಕರ್ಣಿ ಮಾಸ್ತರರು. ನಿವೃತ್ತರಾದ ಮೇಲೆ ಕಾರು ಕೊಂಡವರು. ದಿನಾ ಬಾನೆಟ್ ಎತ್ತಿ ನೀರು ನೋಡಿಯೇ ಹೊರಡುವರು. ನಾನು ತುಸು ಏರಿದರೂ ಬೇವಿನ ಮರದಡಿ ಗಾಡಿ ನಿಲ್ಲಿಸಿ, "ಆತಪಾ ಆತು, ದಮ್ಮು ತಗೋ" ಎಂದು ನನ್ನ ಮುಂದಿನ ಗಾಜನ್ನು ಬೆರಳಲ್ಲಿ ತಟ್ಟುವರು. ಅವರ ಕಣ್ಣಿಗೆ ಪೊರೆ ಬಂದಾಗ ಗಾಡಿ ಗದಗಿನ ವಿರೂಪಾಕ್ಷಪ್ಪನ ಪಾಲಾಯಿತು.

ಈತನದು ಸಿಮೆಂಟ್ ಅಂಗಡಿ. ಎರಡು ವರ್ಷ ಗಾಡಿ ಓಡಿಸಿದ, ಒಂದು ದಿನವೂ ನನ್ನತ್ತ ನೋಡಲಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಹೊಸಪೇಟೆಯಿಂದ ಬರುವಾಗ ನಾನು ಕೆಂಪು ಗೆರೆಗೆ ಅಂಟಿಕೊಂಡು ಅರ್ಧ ಗಂಟೆ ಒದ್ದಾಡಿದೆ. ಮಹಾಶಯ ಫೋನಿನಲ್ಲಿ ಯಾರಿಗೋ ಬೈಯುತ್ತಲೇ ಇದ್ದ. ಎಂಜಿನ್ ಕುದಿದು ನಿಂತಿತು. ಗಾಡಿಯನ್ನು ಎಳೆಸಿಕೊಂಡು ಹೋದಾಗ ಹುಬ್ಬಳ್ಳಿಯ ಒಬ್ಬ ಮೆಕ್ಯಾನಿಕ್ ನೋಡಿ, "ಹೆಡ್ ಗ್ಯಾಸ್ಕೆಟ್ ಸುಟ್ಟೇತ್ರಿ, ನೀರು ಹೊಗಿ ಕೂಡದಂಗ ತಡಿಯೂ ಪಟ್ಟಿ ಅದು. ಎಂಜಿನ್ ಬಿಚ್ಚಬೇಕು" ಎಂದ.

"ಬಿಚ್ಚೂದು ಬ್ಯಾಡ. ಮುಳ್ಳು ಏರದಂಗ ಮಾಡು, ಸಾಕು. ನಾ ಏನು ಇದನ್ನ ಇಟ್ಕೊಳ್ಳಾವಲ್ಲ" ಎಂದ ವಿರೂಪಾಕ್ಷಪ್ಪ.

ಮೆಕ್ಯಾನಿಕ್ ನನಗೆ ಬರುವ ವೈರನ್ನು ಕತ್ತರಿಸಿದ. ರೇಡಿಯೋ ಅಂಗಡಿಯಲ್ಲಿ ಸಿಗುವ, ಮಣಿಯಂಥ ಒಂದು ಸಾಮಾನನ್ನು ಅದಕ್ಕೆ ಸಿಕ್ಕಿಸಿ ಗಾಡಿಯ ಕಬ್ಬಿಣಕ್ಕೆ ಕಟ್ಟಿದ. ಅಂದಿನಿಂದ ಚಾವಿ ತಿರುವಿದರೆ ಸಾಕು, ನಾನು ಚಂಗನೆ ನಡುವಿಗೆ ಹಾರಿ ಅಲ್ಲೇ ನಿಲ್ಲುತ್ತಿದ್ದೆ. ಎಂಜಿನ್ ಹೊತ್ತಿ ಉರಿದರೂ ಅಲ್ಲೇ. ಬಾಯಿಗೆ ಬಟ್ಟೆ ತುರುಕಿದರೆ ಮನುಷ್ಯ ಸುಮ್ಮನಾದರೂ ಇರಬಹುದು. ನನಗೆ ಆ ಭಾಗ್ಯವೂ ಇರಲಿಲ್ಲ. ಎಲ್ಲ ಸರಿಯಾಗಿದೆ ಎಂದು ಹಗಲಿಡೀ ಸುಳ್ಳು ಹೇಳುತ್ತ ನಿಲ್ಲಬೇಕಾಗಿತ್ತು.

ಆಮೇಲೆ ಅವನು ಗಾಡಿಯನ್ನು ಮಾರಿದ್ದು ಯಾರಿಗೆ ಗೊತ್ತೇ? ಸ್ವಂತ ತಮ್ಮನ ಹೆಂಡತಿಗೆ.

ಕಸ್ತೂರಿ ಅಂಗನವಾಡಿಗಳ ಮೇಲ್ವಿಚಾರಕಿ. ಮುಂಡರಗಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಬೇಕು. ಬಸ್ಸಿಗೆ ಕಾದು, ಟಂಟಂ ಆಟೋ ಹಿಡಿದು ಸಾಕಾಗಿ, ನಲವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವಳು. ಮೊದಲ ವಾರ ಸ್ಟೀರಿಂಗ್ ಹಿಡಿದು ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದಳು. ಎರಡನೆಯ ವಾರ ಡಂಬಳದ ಹತ್ತಿರ ಬಾನೆಟ್ಟಿನಿಂದ ಹೊಗೆ ಎದ್ದಿತು. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಗೋಳು.

ಪ್ರತಿ ಸಲವೂ ವಿರೂಪಾಕ್ಷಪ್ಪ ಬರುವನು, ತಣ್ಣಗಾದ ಗಾಡಿಗೆ ನೀರು ಸುರಿಯುವನು, ಚಾವಿ ತಿರುವಿ ನನ್ನತ್ತ ಬೆರಳು ತೋರಿಸುವನು. "ನೋಡು ತಮ್ಮಾ, ಮುಳ್ಳು ನಡುವ ಐತಿ. ಗಾಡೀದೇನೂ ತಪ್ಪಿಲ್ಲ. ಈಕಿ ಕ್ಲಚ್ಚಿನ ಮ್ಯಾಲೆ ಕಾಲಿಟ್ಟು ಹೊಡಿತಾಳ. ಹೆಣ್ಮಕ್ಕಳಿಗೆ ಎಲ್ಲಾ ಬರಬೇಕಂದ್ರ ಹೆಂಗ?" ಕಸ್ತೂರಿಯ ಗಂಡ ಈರಣ್ಣನಿಗೆ ಗಾಡಿ ಓಡಿಸಲು ಬರುವುದಿಲ್ಲ. ಅಣ್ಣನ ಮಾತಿಗೆ ಗೋಣು ಆಡಿಸಲು ಮಾತ್ರ ಚೆನ್ನಾಗಿ ಬರುತ್ತಿತ್ತು.

ಎರಡು ತಿಂಗಳಲ್ಲಿ ಅವಳ ಹಾಡು ನಿಂತಿತು. ಗೇರು ಹಾಕಿದ ಮೇಲೆ ಕ್ಲಚ್ಚಿನಿಂದ ಕಾಲು ತೆಗೆದೆನೇ ಎಂದು ಬಗ್ಗಿ ನೋಡತೊಡಗಿದಳು. "ನಂದೇ ತಪ್ಪಿರಬೇಕು" ಎಂದು ಒಬ್ಬಳೇ ಇದ್ದಾಗ ಹೇಳಿಕೊಳ್ಳುವಳು. ಅವಳ ವಿರುದ್ಧ ಸುಳ್ಳು ಸಾಕ್ಷಿ ಹೇಳುತ್ತಿದ್ದವನು ನಾನು. ಒಂದೇ ಒಂದು ಸಲ ಏರಲು ಬಿಟ್ಟಿದ್ದರೆ! ಕೊನೆಗೆ ವಿರೂಪಾಕ್ಷಪ್ಪ ತೀರ್ಪು ಕೊಟ್ಟ: ಸೋಮವಾರದಿಂದ ಚಾವಿ ತನ್ನ ಬಳಿ ಇರಲಿ, ಪುರುಸೊತ್ತಾದಾಗ ತಾನೇ ಅವಳನ್ನು ಹಳ್ಳಿಗೆ ಬಿಟ್ಟು ಬರುತ್ತಾನಂತೆ.

ಭಾನುವಾರ ಬೆಳಿಗ್ಗೆ, ಚಳಿಯಲ್ಲಿ, ಚಾವಿ ಒಪ್ಪಿಸುವ ಮೊದಲು ಗಾಡಿ ಒರೆಸಲೆಂದು ಕಸ್ತೂರಿ ಬಂದಳು. ಕಿಟಕಿ ಇಳಿಸಲು ಚಾವಿ ತಿರುವಿದಳು. ನಾನು ನಡುವಿಗೆ ಹಾರಿದೆ. ಅವಳ ಕೈ ನಿಂತಿತು. ಇಳಿದು ಬಾನೆಟ್ ಮುಟ್ಟಿ ನೋಡಿದಳು. ರಾತ್ರಿಯ ಇಬ್ಬನಿ ಇನ್ನೂ ಅದರ ಮೇಲಿತ್ತು. ಮತ್ತೆ ಕುಳಿತು ಚಾವಿ ಹಿಂದಕ್ಕೆ ತಂದಳು, ತಿರುವಿದಳು, ಹಿಂದಕ್ಕೆ ತಂದಳು, ತಿರುವಿದಳು. ಎಂಜಿನ್ ಚಾಲೂ ಮಾಡಲೇ ಇಲ್ಲ.

"ಏನ್ರೀ, ಬರ್ರಿ ಇಲ್ಲೆ" ಎಂದು ಗಂಡನನ್ನು ಕೂಗಿದಳು. "ಒಲಿ ಹಚ್ಚೂಕಿಂತ ಮೊದ್ಲ ನೀರು ಹೆಂಗ ಕಾಯ್ತಾವ?"

ಈರಣ್ಣ ಚಪ್ಪಲಿ ಹುಡುಕುತ್ತ ಹೊರಗೆ ಬಂದ. ಅವಳು ಕಾಯಲಿಲ್ಲ. ಗಾಡಿಯನ್ನು ನೇರ ಊರಿನ ಮೆಹಬೂಬಸಾಬರ ಗ್ಯಾರೇಜಿಗೆ ನಡೆಸಿದಳು. ಆ ಹಿರಿಯ ಮಿಸ್ತ್ರಿ ಎಂಜಿನ್ ಆರುವ ತನಕ ಕಾದು, ರೇಡಿಯೇಟರಿನ ಮುಚ್ಚಳ ತೆಗೆದು, ಎಂಜಿನ್ ಚಾಲೂ ಮಾಡಿಸಿದರು. ನೀರಿನಲ್ಲಿ ಬುಳುಬುಳು ಗುಳ್ಳೆ ಎದ್ದವು. "ಗ್ಯಾಸ್ಕೆಟ್ ಹೋಗೇತ್ರಿ ಅಕ್ಕಾರ. ಹೊಗಿ ನೀರಾಗ ನುಗ್ಗಾಕತ್ತೈತಿ, ನೀರು ಹೊರಗ ಬೀಳಾಕತ್ತೈತಿ. ಕ್ಲಚ್ಚಿಗೂ ಇದಕ್ಕೂ ಏನೂ ಸಂಬಂಧಿಲ್ಲ." ಆಮೇಲೆ ಅವರು ಡ್ಯಾಶ್‌ಬೋರ್ಡಿನಡಿ ತೂರಿ, ಮಣಿಯನ್ನು ಕಿತ್ತು ಅವಳ ಅಂಗೈಗಿಟ್ಟು, ನನ್ನ ವೈರನ್ನು ಅದರ ಜಾಗಕ್ಕೆ ಸೇರಿಸಿದರು. ಗಾಡಿ ಮೆಲ್ಲಗೆ ಮನೆಗೆ ಬಂತು.

ಸಂಜೆ ವಿರೂಪಾಕ್ಷಪ್ಪ ಬಂದ. ಅವಳು ಚಾವಿ ಕೊಟ್ಟಳು. ಪಕ್ಕದಲ್ಲಿ ಈರಣ್ಣ ನಿಂತಿದ್ದ. ಭಾವ ಸೀಟಿನಲ್ಲಿ ಕುಳಿತು ಚಾವಿ ತಿರುವಿದ. ಎಂಜಿನ್ ತಣ್ಣಗಿತ್ತು, ನಾನು ತಳದಲ್ಲಿದ್ದೆ.

"ಇದ್ಯಾಕ ಮ್ಯಾಲೆ ಬರವಲ್ದು? ವೈರಿಗೆ ಕೈ ಹಚ್ಚಿದಾವ ಯಾವ?" ಎಂದು ಕೂಗಿದ.

ಕೂಗಿದ ಮೇಲೆ ತಾನು ಆಡಿದ್ದು ಅವನಿಗೇ ಕೇಳಿಸಿತು. ಈರಣ್ಣ ತಲೆ ತಗ್ಗಿಸಿದ.

ಕಸ್ತೂರಿ ಬಾಗಿಲು ತೆಗೆದು ಹಿಡಿದಳು. "ಗಾಡಿ ತಣ್ಣಗೈತ್ರಿ ಭಾವಾರ, ಅದಕ್ಕ ಮುಳ್ಳು ಕೆಳಗೈತಿ. ಇಳೀರಿ."

ಅವನು ಇಳಿದ.

ಎಂಜಿನ್ ಬಿಚ್ಚಿಸಿ ಸರಿ ಮಾಡಿಸಿಕೊಂಡು ಅವಳು ಆರು ವರ್ಷ ಗಾಡಿ ಓಡಿಸಿದಳು. ಈಗ ಗಾಡಿ ಹುಬ್ಬಳ್ಳಿಯ ಗುಜರಿಯಲ್ಲಿದೆ. ನನ್ನ ಗಾಜು ಒಡೆದಿದೆ, ಜೇಡ ಬಲೆ ಕಟ್ಟಿದೆ. ಮುಪ್ಪಿನ ಬಗ್ಗೆ ನನಗೆ ದುಃಖವಿಲ್ಲ. ಆದರೆ ಒಂದು ಮಾತು ಇಂದಿಗೂ ಸುಡುತ್ತದೆ. ವಿರೂಪಾಕ್ಷಪ್ಪ ಊರೆಲ್ಲ "ಮುಳ್ಳು ಕೆಟ್ಟಿತ್ತು" ಎಂದೇ ಹೇಳಿಕೊಂಡು ಬಂದ. ಈರಣ್ಣ ಆರು ವರ್ಷ ಪಕ್ಕದ ಸೀಟಿನಲ್ಲಿ ಕುಳಿತು ಓಡಾಡಿದ, ಹವಾಮಾನದ ಬಗ್ಗೆ ಮಾತಾಡಿದ, ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ. ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಆದ್ದರಿಂದ ನಾನೇ ಹೇಳುತ್ತಿದ್ದೇನೆ. ಡಂಬಳದ ರಸ್ತೆಯಲ್ಲಿ ಎಂಜಿನ್ ಕುದಿಯುತ್ತಿತ್ತು ತಾಯಿ, ನನಗೆ ಗೊತ್ತಿತ್ತು. ನೀನು ಚೆನ್ನಾಗಿಯೇ ಓಡಿಸುತ್ತಿದ್ದೆ.