ಸೋಡಾ ಅಂಬ್ರುಶನ ಕೋವಿ

ಕೋವಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಎತೆಲ್ಕಾ ಹಿಂದೆ ಸರಿದು ನಿಂತಳು. ತೀರಿಹೋದ ಅಪ್ಪ ಅಂಬ್ರುಶನ ವಸ್ತುಗಳಲ್ಲಿ ಅವಳು ಬೇಕೆಂದು ಇಟ್ಟುಕೊಂಡದ್ದು ಇದೊಂದೇ. ನಾಳೆ ಠಾಣೆಯವರು ಬರುವವರಿದ್ದರು. ಬರೀ ಗಾಳಿಕೋವಿ ಎಂದಾದರೆ ಮನೆಯಲ್ಲಿ ಉಳಿಯುತ್ತದೆ. ಮದ್ದುಗುಂಡಿನ ಕೋವಿ ಎಂದಾದರೆ ಕುಲುಮೆಗೆ ಹೋಗುತ್ತದೆ. ಯಾವುದೆಂದು ಹೇಳಬೇಕಾದವನು ಮೇಜಿನ ಎದುರು ಕೂತಿದ್ದ ವೆಂದೆಲ್. ತೊಕಾಯ್ ಬೆಟ್ಟದ ಸುತ್ತಿನ ಬೇಟೆಗಾರರ ಕೋವಿ ರಿಪೇರಿ ಮಾಡುತ್ತಲೇ ಮುದುಕನಾದವನು. ಅವನ ಮಾತನ್ನು ಠಾಣೆಯವರೂ ತೆಗೆದುಹಾಕುವುದಿಲ್ಲ.

ವೆಂದೆಲ್ ಕನ್ನಡಕ ಏರಿಸಿದ್ದೇ ತಡ, ಮುಖ ಹುಳ್ಳಗಾಯಿತು.

“ಅಯ್ಯೋ ದೇವರೇ! ಸೈನ್ಯದ ಕೋವಿಯ ಮೈಕಟ್ಟು, ಹೊಟ್ಟೇಲಿ ಸೋಡಾ ಗ್ಯಾಸು! ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತಲ್ಲ!”

“ಊರವರೂ ಅದನ್ನೇ ಅಂತಿದ್ರು, ವೆಂದೆಲಣ್ಣ. ಅಪ್ಪನ ಹೆಸರಿನ ಮುಂದೆ ಸೋಡಾ ಅಂತ ಸೇರಿಸಿಬಿಟ್ರು. ಶಾಲೇಲಿ ನನ್ನ ಬೆನ್ನ ಹಿಂದೆ ಹುಡುಗ್ರು ‘ಉಸ್ಸ್’ ಅನ್ನೋರು.”

ಊರ ಬಾಯಿಗೆ ಬೀಗ ಹಾಕುವವರು ಯಾರು? ಯುದ್ಧ ಮುಗಿದ ಮೇಲೆ ಕೋವಿ ಇಟ್ಟುಕೊಂಡವರನ್ನು ಎಳೆದೊಯ್ಯುತ್ತಿದ್ದ ಕಾಲ ಅದು. ಅಂಬ್ರುಶ್ ತನ್ನಜ್ಜನ ಕೋವಿಗೆ ಸೋಡಾ ಬಾಟಲಿಗೆ ತಿರುಪುವ ಪುಟ್ಟ ಗ್ಯಾಸ್ ಕುಪ್ಪಿ ಸಿಕ್ಕಿಸಿಕೊಂಡು, ದ್ರಾಕ್ಷಿಗೆ ಮುತ್ತುವ ಕಬ್ಬಕ್ಕಿ ಓಡಿಸಲಿಕ್ಕೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಒಂದಾದರೂ ಕಬ್ಬಕ್ಕಿ ಹೆದರಿದ್ದನ್ನು ಕಂಡವರಿಲ್ಲ.

ವೆಂದೆಲ್ ಗೊಣಗುತ್ತಲೇ ತಿರುಪು ಬಿಚ್ಚಿದ. ನಳಿಗೆಯ ಒಳಗಿಂದ ತೆಳ್ಳನೆಯ ಹಿತ್ತಾಳೆ ಕೊಳವೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೊರಗೆ ಬಂತು. ಅವನ ಗೊಣಗಾಟ ನಿಂತೇಹೋಯಿತು.

“ಇಲ್ಲಿ ನೋಡು ತಾಯಿ! ಹಳೇ ಕಬ್ಬಿಣಕ್ಕೆ ಒಂದು ತೂತು ಕೊರೆದಿಲ್ಲ, ಒಂದು ಬೆಸುಗೆ ಹಾಕಿಲ್ಲ. ಕುದುರೆ ಎಳೆದ್ರೆ ಹಳೇ ಸುತ್ತಿಗೇನೇ ಹೋಗಿ ಗ್ಯಾಸಿನ ಬಿರಡೆ ತಟ್ಟುತ್ತೆ. ಈ ಚರ್ಮದ ಬಿಲ್ಲೆ ಹಳೇ ಬೂಟಿಂದು; ಬಾತುಕೋಳಿ ಕೊಬ್ಬು ಉಣಿಸಿದಾನೆ, ಇವತ್ತಿಗೂ ಮೆತ್ತಗಿದೆ. ಎಂಥಾ ಕೈಯಪ್ಪಾ ಇದು!”

ಹೆಗಲಿಗೆ ಆನಿಸುವ ಮರದ ಟೊಳ್ಳಿನಲ್ಲಿ, ತೆಗೆದಿಟ್ಟ ಮೂಲ ಬಿಡಿಭಾಗಗಳೆಲ್ಲ ಎಣ್ಣೆಬಟ್ಟೆಯಲ್ಲಿ ಬೆಚ್ಚಗಿದ್ದವು. ಜೊತೆಗೆ ಬಳಸದ ಒಂದು ಗ್ಯಾಸ್ ಕುಪ್ಪಿ. ವೆಂದೆಲ್ ಅವುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಅವನ ಮುಖ ಬಾಡಿತು.

“ಇದೇ ಕುತ್ತು ಈಗ. ಅರ್ಧ ಗಂಟೇಲಿ ಇದು ಮತ್ತೆ ಮದ್ದಿನ ಕೋವಿ ಆಗುತ್ತೆ; ಕುಲುಮೆಗೆ ಹಾಕೋಕೆ ಠಾಣೆಯವರಿಗೆ ಅಷ್ಟೇ ಸಾಕು. ಕೆಟ್ಟದಾಗಿ ಮಾಡಿದ್ದಿದ್ರೆ ಉಳೀತಿತ್ತು.”

“ಗಾಳಿಕೋವಿ ಅಂದ್ಬಿಡಣ್ಣ. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಯ್ತಲ್ಲ.” ಅವನ ದನಿ ಸಣ್ಣಗಾಗಿತ್ತು. “ಮದ್ದಿನ ಕೋವಿ ಆದ್ರೂ, ತುಂಬ ಹಳೇದು, ಇದರ ಗುಂಡೇ ಈಗ ಸಿಗಲ್ಲ ಅಂತ ತೋರಿಸಿದ್ರೆ ಮನೇಲಿಟ್ಕೋಬಹುದು. ಆದ್ರೆ ಇಸವಿ ಎಲ್ಲೂ ಇಲ್ಲ. ಇಸವಿ ಇಲ್ದೆ ಅವರು ನಂಬಲ್ಲ.”

ಎತೆಲ್ಕಾಳ ಕಣ್ಣು ತುಂಬಿತು. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತೆ ವೆಂದೆಲ್ ಕೋವಿಯನ್ನು ಹಿಡಿದು ಕೂತೇ ಇದ್ದ. ಬೆರಳು ನಳಿಗೆಯ ಬುಡದ ಹಿತ್ತಾಳೆ ಪಟ್ಟಿಯ ಮೇಲೆ ಆಡುತ್ತಿತ್ತು.

“ಈ ಪಟ್ಟಿ ಯಾಕೆ?” ಎಂದ ತಟ್ಟನೆ. “ಏನನ್ನೂ ಹಿಡಿದಿಲ್ಲ ಇದು. ಶೋಕಿಗೆ ಒಂದು ಮೊಳೇನೂ ಹೊಡೆಯೋ ಮನುಷ್ಯ ಅಲ್ಲವಲ್ಲ ನಿಮ್ಮಪ್ಪ!”

ಮರದ ತುಂಡಿನಿಂದ ಮೆಲ್ಲಗೆ ತಟ್ಟಿದ. ಪಟ್ಟಿ ಸರಿಯಿತು. ಅಡಿಯಲ್ಲಿ ಎಣ್ಣೆ ಕುಡಿದ ಉಣ್ಣೆಬಟ್ಟೆ. ಅದರಡಿಯಲ್ಲಿ ನಿನ್ನೆ ಒತ್ತಿದಂತಿದ್ದ ಚಕ್ರವರ್ತಿಯ ಸೈನ್ಯದ ಮುದ್ರೆ, ಪಕ್ಕದಲ್ಲೇ 1869.

“ಉಳೀತು ತಾಯಿ! ಉಳೀತು!” ವೆಂದೆಲ್ ಮೇಜು ಗುದ್ದಿದ. “ಆವತ್ತು ಈ ಮುದ್ರೆ ಕಂಡಿದ್ರೆ ನಿಮ್ಮಪ್ಪನ್ನ ಹಿಡ್ಕೊಂಡು ಹೋಗೋರು. ಅದಕ್ಕೇ ಮುಚ್ಚಿದಾನೆ. ಅಳಿಸಿಲ್ಲ ನೋಡು, ಮುಚ್ಚಿದಾನೆ!”

“ಮತ್ತೆ ಊರೆಲ್ಲ ನಗ್ತಿತ್ತಲ್ಲಣ್ಣ...”

“ನಗಲಿ ಅಂತಲೇ ಮಾಡಿದ್ದು. ನಗೋ ಜನ ಪಟ್ಟಿ ಸರಿಸಿ ನೋಡ್ತಾರೇನು?”

ಎತೆಲ್ಕಾ ಎರಡು ಲೋಟ ತಂದಿಟ್ಟಳು. ಅವಕ್ಕೆ ವೈನ್ ಸುರಿದಳು. ಅಪ್ಪ ಉಳಿಸಿಟ್ಟಿದ್ದ ಗ್ಯಾಸ್ ಕುಪ್ಪಿಯನ್ನು ಸೋಡಾ ಬಾಟಲಿಗೆ ತಿರುಪಿದಳು. ‘ಉಸ್ಸ್’ ಎಂದಿತು. ಆ ಸೋಡಾವನ್ನು ಎರಡೂ ಲೋಟದ ವೈನಿಗೆ ಬೆರೆಸಿದಳು.

“ಸೋಡಾ ಅಂಬ್ರುಶನ ಹೆಸರಲ್ಲಿ,” ಎಂದು ಲೋಟ ಎತ್ತಿದಳು. ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.