ಬಾಚಣಿಗೆಯ ಮುಂದೆ ಒಂದು ನಿಮಿಷ

ವಸ್ತುಸಂಗ್ರಹಾಲಯದ ವಸ್ತುಗಳ ಚಿತ್ರಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಅವನ್ನು ವಿವರಿಸುವ ಆಡಿಯೊ ಗೈಡಿಗೆ ದನಿ ಕೊಡುವ ಕೆಲಸ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದ ಹೆಂಗಸಿಗೆ. ಗಾಜಿನ ಕೋಣೆಯಲ್ಲಿ ಕೂತು ಮುನ್ನೂರು ಹಾಳೆ ಓದಿ ಮುಗಿಸಿದಳು. ಒಂದು ವಸ್ತುವನ್ನೂ ಕಣ್ಣಾರೆ ಕಂಡಿರಲಿಲ್ಲ. ನೋಡು ಎಂದವರೂ ಇಲ್ಲ.

ಶಾಲೆಗಳಲ್ಲಿ ಅದನ್ನು ತೋರಿಸಿ ಪರೀಕ್ಷೆ ನಡೆಸಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ ಮಕ್ಕಳು ನೂರಕ್ಕೆ ತೊಂಬತ್ತು ತೆಗೆದರು. ಸಂಗ್ರಹಾಲಯದ ಅಧಿಕಾರಿ ಹಿರಿಹಿರಿ ಹಿಗ್ಗಿದರು.

ಅವಳು ಮನೆಯಲ್ಲಿ ಅತ್ತೆಗೂ ತೋರಿಸಿದಳು. ಕಿವಿಯ ಯಂತ್ರ ಚಾರ್ಜಿಗಿಟ್ಟಿದ್ದ ಅತ್ತೆಗೆ ಗೈಡಿನ ಮಾತೊಂದೂ ಕೇಳಲಿಲ್ಲ. ಪರದೆಗೆ ಮುಖ ತಂದು, "ಹೇನು ತೆಗೆಯೋ ಬಾಚಣಿಗೇನೂ ಇಟ್ಟಿದಾರಲ್ಲೇ" ಅಂದರು.

"ಅದು ರಾಜನ ಕಿರೀಟದ ತುಂಡು ಅತ್ತೆ. ನಾನೇ ಓದಿದೀನಿ," ಎಂದು ಸೊಸೆ ದನಿ ಏರಿಸಿ ಹೇಳಿದಳು.

"ಓದಿರ್ತೀಯ. ನೋಡಿದೀಯಾ?"

ನೋಡಿದಳು. ಸಣ್ಣ ಹಲ್ಲಿನ, ಅಪ್ಪಟ ಬಾಚಣಿಗೆ. ಹಾಳೆ ಜೋಡಿಸಿದವರು ಅದಲುಬದಲು ಮಾಡಿದ್ದರು.

ಮರುದಿನ ಅಧಿಕಾರಿಯ ಮುಂದೆ ನಿಂತಳು. "ಸರ್, ಮಕ್ಕಳು ಬಾಚಣಿಗೆ ನೋಡ್ಕೊಂಡೇ ಕಿರೀಟ ಅಂತ ಬರೆದಿದಾರೆ."

"ಎಲ್ಲರೂ ಒಂದೇ ಉತ್ತರ ಬರೆದಿದಾರೆ ತಾನೆ? ಕಲಿಕೆ ಅಂದ್ರೆ ಇನ್ನೇನಮ್ಮ?"

ಅವಳು ಪಟ್ಟು ಬಿಡಲಿಲ್ಲ. ಏನಾದರೂ ಮಾಡಿಕೊಳ್ಳಿ ಎಂದು ಅಧಿಕಾರಿ ಕೈತೊಳೆದುಕೊಂಡರು.

ಅವಳು ಹೊಸದಾಗಿ ಓದಿದಳು: "ಇದು ಬಾಚಣಿಗೆ. ಈಗ ನಾನು ಒಂದು ನಿಮಿಷ ಸುಮ್ಮನಿರ್ತೀನಿ. ನೀವು ನೋಡಿ."

ಮೊದಲ ವಾರ ಬಂದದ್ದು ದೂರುಗಳೇ. ಗೈಡು ಕೆಟ್ಟಿದೆ, ಪಾಠದ ನಡುವೆ ದನಿ ನಿಂತುಹೋಗುತ್ತದೆ ಎಂದು ಮೇಷ್ಟ್ರುಗಳು ಬರೆದರು. ಎರಡನೇ ವಾರ ಮಕ್ಕಳ ಪತ್ರಗಳು ಶುರುವಾದವು. ಒಂದೇ ಕಡೆಯ ಹಲ್ಲು ಯಾಕೆ ಮುರಿದಿವೆ? ಬಾಚ್ಕೊಂಡೋರು ಎಡಚರಾ? ಹಿಂದೆ ಗೀಚಿರೋದು ಯಾರ ಹೆಸರು? ಹೇನೂ ಸಿಕ್ಕಿತ್ತಾ?

ಅಧಿಕಾರಿ ಅವಳನ್ನು ಕರೆಸಿದರು. "ಮೊದಲು ಒಬ್ಬರಿಗೂ ಒಂದು ಅನುಮಾನ ಇರಲಿಲ್ಲ. ಅಷ್ಟು ಚೆನ್ನಾಗಿ ಕಲಿತಿದ್ರು. ಈಗ ನಲವತ್ತೊಂದು ಪ್ರಶ್ನೆ. ಎಲ್ಲ ಕೆಡಿಸಿಬಿಟ್ರಿ."

"ಉತ್ತರ ಏನು ಸರ್?"

ಅಧಿಕಾರಿ ಕಡತ ತಿರುವಿದರು. ಕಡತದಲ್ಲಿದ್ದುದು ಕಿರೀಟದ ವಿವರ.

ಇಬ್ಬರೂ ನೆಲಮಾಳಿಗೆಯ ಉಗ್ರಾಣಕ್ಕೆ ಇಳಿದರು. ಹನ್ನೊಂದು ವರ್ಷದ ಸೇವೆಯಲ್ಲಿ ಅಧಿಕಾರಿ ಆ ಕಪಾಟು ತೆರೆದದ್ದು ಅದೇ ಮೊದಲು. ಹತ್ತಿಯ ಮೇಲೆ ಬೆರಳುದ್ದದ ಮೂಳೆಯ ಬಾಚಣಿಗೆ ಮಲಗಿತ್ತು. ಅವರು ಭೂತಗನ್ನಡಿ ಹಿಡಿದು ಬಗ್ಗಿದರು. ತುಟಿ ಅಲುಗಿಸುತ್ತ ಹಲ್ಲು ಎಣಿಸತೊಡಗಿದರು. ಅವಳೇನೋ ಹೇಳಲು ಬಾಯಿ ತೆರೆದಳು.

ಅಧಿಕಾರಿ ತಲೆ ಎತ್ತದೆ ಕೈ ಅಡ್ಡ ಹಿಡಿದರು. "ತಡೀರಿ, ನೋಡ್ತಾ ಇದೀನಿ."